ಹಳಿಯ ಪರೀಕ್ಷೆಯೂ ಪ್ರಜೆಯ ಹಕ್ಕೂ

ಸೇಡಂ ತಾಲೂಕಿನ ಕೋಡ್ಲಾ ಗ್ರಾಮದ ಸುತ್ತಲಿನ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲು ಹೇರಳವಾಗಿರುವುದಷ್ಟೆ. ಆ ಕಲ್ಲಿನ ದೆಸೆಯಿಂದ ಕೋಡ್ಲಾ, ಸೇಡಂ, ಮಳಖೇಡ, ಚಿತ್ತಾಪುರ, ವಾಡಿ ಈ ಎಲ್ಲ ಊರುಗಳ ಆಸುಪಾಸಿನಲ್ಲಿ ಇಂದು ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಲಿವೆ. ಶಹಾಬಾದದ ಹಾಸುಗಲ್ಲಂತೂ ತನ್ನ ಊರಿನ ಹೆಸರಿನಿಂದಲೇ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಈ ಭಾರವಾದ ಸಂಪತ್ತಿನ ಬಹುಭಾಗವು ಪರಸ್ಥಳಗಳಿಗೆ ಹೋಗುವುದು ಕಬ್ಬಿಣದ ಹಾದಿಯ ಮೇಲೆ. ಅದೇ ಹಾದಿಯ ಮೇಲೆಯೇ ನಮ್ಮ ಜನರು ಔಷಧೋಪಚಾರಕ್ಕಾಗಿಯೂ, ವಿದ್ಯಾಭ್ಯಾಸಕ್ಕಾಗಿಯೂ, ಹೊಟ್ಟೆಪಾಡಿಗಾಗಿಯೂ ಹೈದರಾಬಾದಿಗೆ ಹೋಗಿ ಬರುತ್ತಾರೆ. ಸರಕುಬಂಡಿ ಹಾಗೂ ಪ್ರಯಾಣಿಕರ ಬಂಡಿ ಎರಡಕ್ಕೂ ಹಳಿ ಒಂದೇ. ಆ ಹಳಿಯ ಆರೋಗ್ಯವನ್ನು ಯಾರು ಪರೀಕ್ಷಿಸುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ, ಪರೀಕ್ಷೆಯಲ್ಲಿ ಕಂಡ ದೋಷವು ಎಷ್ಟು ದಿನಗಳಲ್ಲಿ ಪರಿಹಾರವಾಗುತ್ತದೆ ಎಂಬ ವಿಷಯವನ್ನು ವಿಚಾರಿಸುವವರು ಮಾತ್ರ ನಮ್ಮಲ್ಲಿ ತೀರ ವಿರಳ. ಬಂಡಿಯು ತಡವಾಗಿ ಬಂದರೆ ದೂರುತ್ತೇವೆ. ಹೊಸ ಬಂಡಿಯು ನಮ್ಮ ನಿಲ್ದಾಣದಲ್ಲಿ ನಿಲ್ಲಬೇಕೆಂದು ಮನವಿ ಕೊಡುತ್ತೇವೆ. ಬಂಡಿಯ ಕೆಳಗಿನ ಹಳಿಯ ಬಗೆಗೆ ಮಾತಾಡುವುದು ಅಪಘಾತವಾದ ಮರುದಿನ ಮಾತ್ರ. ಈ ಉದಾಸೀನವು ಸಲ್ಲದೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಹಾದಿಯ ಪೂರ್ವಚರಿತ್ರೆ

ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದ್ರಾಸಿನ ಹಾದಿಯನ್ನು ಕೂಡಿಕೊಂಡಿತು. ಆ ಹಾದಿಯ ಮೇಲಿನ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲಿಂದ ಸಿಕಂದರಾಬಾದಿಗೆ ಹೋಗುವ ಹಾದಿಯು 1874ರಲ್ಲಿ ಸಂಚಾರಕ್ಕೆ ತೆರೆಯಲ್ಪಟ್ಟಿತು. ಹಣ ನಿಜಾಮ ಸಂಸ್ಥಾನದ್ದು; ಹಾದಿಯ ಅವಶ್ಯಕತೆ ಮುಖ್ಯವಾಗಿ ಸಿಕಂದರಾಬಾದಿನಲ್ಲಿದ್ದ ಬ್ರಿಟಿಷ್ ದಂಡಿನದು. ಮುಂದೆ ಅದು ನಿಜಾಮರ ಖಾತರಿಯುಳ್ಳ ಕಂಪನಿಯ ಕೈಗೆ ಹೋಗಿ, 1930ರಲ್ಲಿ ಸಂಸ್ಥಾನದ ಸ್ವಂತ ಆಡಳಿತಕ್ಕೆ ಬಂದಿತು. 1948ರಲ್ಲಿ ಹೈದರಾಬಾದ ವಿಮೋಚನೆಯಾದ ತರುವಾಯ ಹಾದಿಯು ಭಾರತ ಸರಕಾರದ ರೈಲ್ವೆಗಳಲ್ಲಿ ವಿಲೀನವಾಯಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಯು ಸ್ಥಾಪಿತವಾದ ಮೇಲೆ ಸೇಡಮ್ಮಿನ ಹಾದಿಯು ಅದರ ಸಿಕಂದರಾಬಾದ್ ವಿಭಾಗಕ್ಕೆ ಸೇರಿತು; ವಾಡಿಯ ನಿಲ್ದಾಣವಾದರೋ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದುದು. ಹೀಗೆ ನಮ್ಮ ನೆಲದ ಮೇಲಿರುವ ಹಳಿಯ ಲೆಕ್ಕಪತ್ರಗಳು ಎರಡು ಬೇರೆ ರಾಜ್ಯಗಳ ಪಟ್ಟಣಗಳಲ್ಲಿರುವ ಕಚೇರಿಗಳಲ್ಲಿ ಇಡಲ್ಪಡುತ್ತವೆ. ಕಚೇರಿ ಎಲ್ಲಿದ್ದರೂ ಚಿಂತೆಯಿಲ್ಲ. ಆದರೆ ಹಳಿಯ ಮೇಲೆ ಪ್ರಯಾಣ ಮಾಡುವವನಿಗೆ ಅದರ ಸ್ಥಿತಿಯು ತಿಳಿಯದಿರುವುದು ಮಾತ್ರ ಚಿಂತೆಗೆ ಕಾರಣವಾದ ಸಂಗತಿ.

ಮೂರು ಬಗೆಯ ಪರೀಕ್ಷೆ

ಹಳಿಯ ಪರೀಕ್ಷೆ ಎಂದರೇನೆಂಬುದನ್ನು ಮೊದಲು ತಿಳಿಯೋಣ. ನಮ್ಮ ಅಗಲ ಹಾದಿಯಲ್ಲಿ ಎರಡು ಹಳಿಗಳ ನಡುವಣ ಅಂತರ 1676 ಮಿಲಿಮೀಟರು. ಹಳಿಗಳ ಕೆಳಗೆ ಕಾಂಕ್ರೀಟಿನ ಅಡ್ಡದಿಮ್ಮಿಗಳು, ಮುಖ್ಯ ಹಾದಿಗಳಲ್ಲಿ ಕಿಲೋಮೀಟರಿಗೆ ಸಾಮಾನ್ಯವಾಗಿ 1660. ದಿಮ್ಮಿಗಳ ಕೆಳಗೆ ಜಲ್ಲಿಯ ಹಾಸಿಗೆ, ಅದರ ಕೆಳಗೆ ಮಣ್ಣಿನ ಕಟ್ಟೆ. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದವು ಹೆಚ್ಚು ದಿನ ಉಳಿಯಲಾರವು.

ಮೊದಲನೆಯ ಪರೀಕ್ಷೆ ಮನುಷ್ಯನ ಕಣ್ಣಿನದು. ಕೀಮನ್ ಎಂಬ ಕೆಲಸಗಾರನು ತನ್ನ ಪಾಲಿಗೆ ಬಂದ ಕೆಲವು ಕಿಲೋಮೀಟರುಗಳ ಹಾದಿಯನ್ನು ಪ್ರತಿನಿತ್ಯವೂ ಕಾಲುನಡಿಗೆಯಿಂದ ನೋಡುತ್ತ ಹೋಗುತ್ತಾನೆ. ಸುತ್ತಿಗೆ, ತಿರುಪಿನ ಕೀಲಿ, ಕೆಂಪು ಹಸುರು ಬಾವುಟಗಳು, ಅಪಾಯ ಕಂಡಾಗ ಬಂಡಿಯನ್ನು ನಿಲ್ಲಿಸಲು ಹಳಿಯ ಮೇಲಿಡುವ ಸಿಡಿಗುಂಡುಗಳು, ಇವು ಅವನ ಸಾಮಾನು. ಸಡಿಲಾದ ಹಿಡಿಕೆಯನ್ನು ಅವನು ಬಡಿದು ಕೂಡಿಸುತ್ತಾನೆ. ಒಡೆದ ಬೆಸುಗೆಯನ್ನು ಮೊದಲು ಕಾಣುವವನೂ ಬಹುಶಃ ಅವನೇ. ಅವನ ಮೇಲಿನ ಅಧಿಕಾರಿಗಳು ತಳ್ಳುಬಂಡಿಯ ಮೇಲೆ ಕುಳಿತೂ, ಎಂಜಿನ್ನಿನಲ್ಲಿ ನಿಂತೂ, ಕೊನೆಯ ಡಬ್ಬಿಯಲ್ಲಿ ಕುಳಿತೂ ಗೊತ್ತುಪಡಿಸಿದ ಅವಧಿಗಳಲ್ಲಿ ಹಾದಿಯನ್ನು ನೋಡತಕ್ಕದ್ದೆಂದು ನಿಯಮವಿದೆ.

ಎರಡನೆಯದು ಭಾರದ ಪರೀಕ್ಷೆ. ಬರಿದಾಗಿದ್ದಾಗ ನೆಟ್ಟಗೆ ತೋರುವ ಹಳಿಯು ಬಂಡಿಯ ಭಾರ ಬಿದ್ದೊಡನೆ ಕುಸಿಯಬಹುದು. ಏಕೆಂದರೆ ದಿಮ್ಮಿಯ ಕೆಳಗೆ ಪೊಳ್ಳಿದ್ದರೆ ಅದು ಮೇಲಿನಿಂದ ಕಾಣುವುದಿಲ್ಲ. ಈ ಕಾರಣಕ್ಕಾಗಿಯೇ ಹಾದಿಯನ್ನು ಅಳೆದು ದಾಖಲಿಸುವ ಪ್ರತ್ಯೇಕ ಬಂಡಿಗಳು ಹುಟ್ಟಿಕೊಂಡವು. ಅವು ಓಡುತ್ತಿರುವಾಗಲೇ ಹಳಿಗಳ ಅಂತರ, ಎಡಬಲ ಹಳಿಗಳ ಎತ್ತರದ ವ್ಯತ್ಯಾಸ, ಆ ವ್ಯತ್ಯಾಸವು ಥಟ್ಟನೆ ಬದಲಾಗುವುದರಿಂದ ಉಂಟಾಗುವ ತಿರುಚು, ಉಬ್ಬುತಗ್ಗು, ನೇರ ತಪ್ಪುವಿಕೆ ಇವುಗಳನ್ನೆಲ್ಲ ಅಳೆದು ಬರೆದಿಡುತ್ತವೆ. ಇವುಗಳಲ್ಲಿ ತಿರುಚು ಅತ್ಯಂತ ಭಯಂಕರವಾದುದು. ಡಬ್ಬಿಯ ನಾಲ್ಕು ಮೂಲೆಯ ಗಾಲಿಗಳಲ್ಲಿ ಒಂದರ ಮೇಲಿನ ಭಾರವನ್ನು ಅದು ಹಗುರ ಮಾಡುತ್ತದೆ. ಭಾರ ತಪ್ಪಿದ ಗಾಲಿಯು ಹಳಿಯನ್ನು ಹತ್ತಿ ಹೊರಕ್ಕೆ ಜಾರುವುದು ಸುಲಭ.

ಮೂರನೆಯದು ಲೋಹದ ಒಡಲಿನ ಪರೀಕ್ಷೆ. 1911ರ ಆಗಸ್ಟಿನಲ್ಲಿ ಅಮೇರಿಕೆಯ ನ್ಯೂಯಾರ್ಕ್ ಪ್ರಾಂತದ ಮ್ಯಾಂಚೆಸ್ಟರ್ ಎಂಬಲ್ಲಿ ಹಳಿ ಮುರಿದು ಬಂಡಿಯು ಬಿದ್ದು 29 ಜನರು ಮಡಿದರು. ವಿಚಾರಣೆಯಲ್ಲಿ, ಹಳಿಯ ಒಳಗಡೆ ಹುಟ್ಟಿ ಹೊರಗೆ ಯಾವ ಗುರುತನ್ನೂ ತೋರದೆ ಬೆಳೆದ ಅಡ್ಡಬಿರುಕೇ ಕಾರಣವೆಂದು ತಿಳಿದುಬಂತು. ಇಂಥ ಬಿರುಕನ್ನು ಕಂಡುಹಿಡಿಯುವ ಬಂಡಿಯನ್ನು ಎಲ್ಮರ್ ಸ್ಪೆರ್ರಿ ಎಂಬ ಶೋಧಕನು 1928ರಲ್ಲಿ ಓಡಿಸಿ ತೋರಿಸಿದನು. ಇಂದು ನಮ್ಮಲ್ಲಿ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿಯ ಅಲೆಗಳನ್ನು ಹಳಿಯೊಳಗೆ ಕಳಿಸಿ, ಅವು ಬಿರುಕಿಗೆ ತಾಗಿ ಹಿಂದಿರುಗುವ ರೀತಿಯಿಂದ ದೋಷವನ್ನು ಗುರುತಿಸುತ್ತಾರೆ. ಅಲೆಗಳನ್ನು ನೆಟ್ಟಗೆ ಇಳಿಬಿಟ್ಟರೆ ಅಡ್ಡಲಾಗಿ ಮಲಗಿದ ಸೀಳು ತಿಳಿಯುತ್ತದೆ. 70 ಅಂಶಗಳ ಓರೆಯಲ್ಲಿ ಕಳಿಸಿದರೆ ಹಳಿಯ ತಲೆಯನ್ನು ಕತ್ತರಿಸುವಂತೆ ನಿಂತ ಬಿರುಕು ತಿಳಿಯುತ್ತದೆ. ಕಣ್ಣು, ಭಾರ, ಧ್ವನಿ ಈ ಮೂರರಲ್ಲಿ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಯಂತ್ರ ಬಂದಿತೆಂದು ಕೀಮನ್ನನನ್ನು ಕಡಿಮೆ ಮಾಡುವುದೂ, ಕೀಮನ್ನನಿರುವನೆಂದು ಯಂತ್ರದ ಓಟವನ್ನು ಮುಂದೂಡುವುದೂ ಸಮಾನವಾದ ಅವಿವೇಕಗಳು.

ನಮ್ಮ ಸೀಮೆಯ ವಿಶೇಷ ಕಷ್ಟಗಳು

ಹಳಿಗೆ ಎಲ್ಲ ಕಡೆಗೂ ಶತ್ರುಗಳುಂಟು. ಆದರೆ ನಮ್ಮ ಸೀಮೆಯಲ್ಲಿ ನಾಲ್ಕು ಶತ್ರುಗಳು ಒಟ್ಟಾಗಿ ಸೇರಿವೆ.

ಒಂದನೆಯದು ಎರೆಮಣ್ಣು. ತೊಗರಿ ಜೋಳಗಳಿಗೆ ತಾಯಿಯಾದ ಈ ಮಣ್ಣು ಹಾದಿಯ ಕಟ್ಟೆಗೆ ಮಲತಾಯಿ. ನೀರು ಕುಡಿದಾಗ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಇಂಥ ಮಣ್ಣಿನ ಕಟ್ಟೆಯು ಮಳೆಗಾಲದಲ್ಲಿ ಮೆತ್ತಗಾದರೆ ಪ್ರತಿಯೊಂದು ಗಾಲಿಯ ಒತ್ತಿಗೂ ಕೆಸರು ಜಲ್ಲಿಯೊಳಗೆ ಮೇಲಕ್ಕೇರುತ್ತದೆ. ದಿಮ್ಮಿಗಳು ಒಂದೊಂದೂ ಒಂದೊಂದು ಮಟ್ಟಕ್ಕೆ ಇಳಿಯುತ್ತವೆ. ಮಳೆಯ ಪ್ರಕೋಪವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ನೆರೆಯ ತೆಲಂಗಾಣದಲ್ಲಿಯೇ ಎರಡು ದುಃಖದ ನಿದರ್ಶನಗಳಿವೆ. 1956ರ ಸಪ್ಟಂಬರ್ 2ರಂದು ಮಹಬೂಬನಗರದ ಬಳಿ ಪ್ರವಾಹದಿಂದ ಸೇತುವೆ ಕುಸಿದು ನೂರಕ್ಕೂ ಮಿಕ್ಕಿ ಜನರು ಮೃತರಾದರು. ಆಗ ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ರಾಜೀನಾಮೆ ಕೊಡಮುಂದಾದರು, ಅದು ಅಂಗೀಕಾರವಾಗಲಿಲ್ಲ. ಅದೇ ವರ್ಷದ ನವಂಬರದಲ್ಲಿ ಮದ್ರಾಸ್ ರಾಜ್ಯದ ಅರಿಯಲೂರಿನಲ್ಲಿ ಮತ್ತೊಂದು ದುರಂತವಾದಾಗ ಅವರು ಅಧಿಕಾರವನ್ನು ತ್ಯಜಿಸಿಯೇ ಬಿಟ್ಟರು. 2005ರ ಅಕ್ಟೋಬರ್ 29ರಂದು ವಲಿಗೊಂಡದ ಬಳಿ ನೆರೆಯ ನೀರು ಸಣ್ಣ ಸೇತುವೆಯನ್ನು ಕೊಚ್ಚಿಕೊಂಡು ಹೋಗಿ ಪುನಃ ನೂರಕ್ಕೂ ಹೆಚ್ಚು ಪ್ರಾಣಗಳು ಹೋದವು. ಎರಡು ಘಟನೆಗಳ ನಡುವೆ 49 ವರ್ಷಗಳು ಕಳೆದಿದ್ದವು. ನೀರಿನ ಪಾಠವು ಮಾತ್ರ ಹಳೆಯದೇ ಆಗಿತ್ತು.

ಎರಡನೆಯದು ಬಿಸಿಲು. ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ವರ್ಣಿಸಿ ನಮ್ಮ ವಾಚಕರಿಗೆ ತಿಳಿಸಬೇಕಾದುದಿಲ್ಲ. ಗಾಳಿಯ ಉಷ್ಣಕ್ಕಿಂತ ಹಳಿಯ ಉಷ್ಣವು ಹದಿನೈದು ಇಪ್ಪತ್ತು ಡಿಗ್ರಿಗಳಷ್ಟು ಹೆಚ್ಚಾಗಬಲ್ಲುದು. ಹಿಂದೆ ಹಳಿಗಳ ತುಂಡುಗಳ ನಡುವೆ ಸಂದು ಇರುತ್ತಿತ್ತು. ಹಳಿಯು ಹಿಗ್ಗಿ ಆ ಸಂದನ್ನು ತುಂಬುತ್ತಿತ್ತು. ಇಂದು ಅನೇಕ ತುಂಡುಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಅಖಂಡವಾದ ಹಳಿಯನ್ನು ಮಾಡಿರುತ್ತಾರೆ. ಒಂದು ಕಿಲೋಮೀಟರು ಉದ್ದದ ಉಕ್ಕಿನ ಹಳಿಯು 30 ಡಿಗ್ರಿ ಕಾದರೆ, ಸ್ವತಂತ್ರವಾಗಿದ್ದ ಪಕ್ಷದಲ್ಲಿ ಒಂದಡಿಗೂ ಮೀರಿ ಬೆಳೆಯಬೇಕು. ಆದರೆ ದಿಮ್ಮಿಯೂ ಜಲ್ಲಿಯೂ ಅದನ್ನು ಹಿಡಿದಿರುವುದರಿಂದ ಆ ಬೆಳವಣಿಗೆಯು ಒತ್ತಡವಾಗಿ ಪರಿಣಮಿಸುತ್ತದೆ. ಮೀಟರಿಗೆ 60 ಕಿಲೋಗ್ರಾಮು ತೂಗುವ ಹಳಿಯಲ್ಲಿ ಆ ಒತ್ತಡವು ಒಂದೊಂದು ಹಳಿಗೆ ಸುಮಾರು 57 ಟನ್ನುಗಳಷ್ಟು. ಜಲ್ಲಿಯ ಹಿಡಿತ ಸಡಿಲಾಗಿದ್ದರೆ ಹಾದಿಯು ಹಾವಿನಂತೆ ಒಂದೇ ಕ್ಷಣದಲ್ಲಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ಆದುದರಿಂದ ಬೇಸಿಗೆಯ ನಡುಹಗಲಿನಲ್ಲಿ ವಿಶೇಷ ಗಸ್ತು ತಿರುಗಬೇಕೆಂಬ ನಿಯಮವು ಕೇವಲ ಕಾಗದದ ವಿಧಿಯಲ್ಲ.

ಮೂರನೆಯದು ಧೂಳು. ಜಲ್ಲಿಯ ಗುಣವಿರುವುದು ಅದರ ಕಲ್ಲುಗಳ ನಡುವಣ ಬರಿದು ಜಾಗದಲ್ಲಿ. ನೀರು ಹರಿದುಹೋಗುವುದು ಅಲ್ಲಿಂದಲೇ. ಸುಣ್ಣಕಲ್ಲು, ಸಿಮೆಂಟು, ಕಲ್ಲಿದ್ದಲು ಇವುಗಳ ಸೂಕ್ಷ್ಮ ಪುಡಿಯು ಬಿದ್ದು ಆ ಜಾಗವು ತುಂಬಿಕೊಂಡರೆ ನೀರು ನಿಲ್ಲುತ್ತದೆ, ಜಲ್ಲಿಯು ಹೆಪ್ಪುಗಟ್ಟುತ್ತದೆ, ಅದರ ಸ್ಥಿತಿಸ್ಥಾಪಕ ಗುಣವು ನಷ್ಟವಾಗುತ್ತದೆ. ಇಂಥ ಜಲ್ಲಿಯನ್ನು ಯಂತ್ರದಿಂದ ಅಗೆದು ಸೋಸಿ ಮತ್ತೆ ಹಾಸದ ಹೊರತು, ಮೇಲೆ ಮೇಲೆ ಬಡಿದು ಕೂಡಿಸುವುದರಿಂದ ಪ್ರಯೋಜನವಿಲ್ಲ.

ನಾಲ್ಕನೆಯದು ಹೊರೆ. ತುಂಬಿದ ಒಂದು ಸಿಮೆಂಟ್ ಬಂಡಿಯು ಎರಡೂವರೆ ಸಾವಿರ ಟನ್ನುಗಳಿಗೂ ಮೀರಿದ ಸರಕನ್ನು ಹೊರುತ್ತದೆ. ಒಂದೊಂದು ಅಚ್ಚಿನ ಮೇಲಿನ ಭಾರದ ಮಿತಿಯು ಹಿಂದೆ 20.32 ಟನ್ ಇದ್ದುದು, 2005ರಿಂದೀಚೆಗೆ ಆಯ್ದ ಹಾದಿಗಳಲ್ಲಿ 22.82 ಟನ್ನಿನ ವರೆಗೆ ಏರಿಸಲ್ಪಟ್ಟಿತು. ಇದರಿಂದ ರೈಲ್ವೆಗೆ ಆದಾಯವು ಹೆಚ್ಚಾದುದು ನಿಜ. ಹಳಿಯ ದಣಿವೂ ಅದರೊಡನೆ ಹೆಚ್ಚಾಗುವುದು ಅಷ್ಟೇ ನಿಜ. ದುಡಿಮೆ ಹೆಚ್ಚಿದ ಎತ್ತಿಗೆ ಮೇವನ್ನೂ ವಿಶ್ರಾಂತಿಯನ್ನೂ ಹೆಚ್ಚು ಕೊಡಬೇಕೆಂಬುದನ್ನು ನಮ್ಮ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ.

ತಿಳಿದೂ ಮಾಡದಿರುವುದು

ಪರೀಕ್ಷೆಯ ವಿಧಾನಗಳಾವುವೂ ನಮ್ಮ ದೇಶಕ್ಕೆ ಅಪರಿಚಿತವಲ್ಲ. ಕೊರತೆಯಿರುವುದು ವಿದ್ಯೆಯಲ್ಲಿ ಅಲ್ಲ. ವಿದ್ಯೆಯಿಂದ ತಿಳಿದುದನ್ನು ಕೈಗೊಂಡು ಮಾಡುವುದರಲ್ಲಿ. ಇದು ನಮ್ಮೊಬ್ಬರ ದೋಷವೂ ಅಲ್ಲ. 2000ದ ಅಕ್ಟೋಬರ್ 17ರಂದು ಇಂಗ್ಲಂಡಿನ ಹ್ಯಾಟ್‌ಫೀಲ್ಡ್ ಎಂಬಲ್ಲಿ ಹಳಿಯು ನೂರಾರು ತುಂಡುಗಳಾಗಿ ಒಡೆದು ನಾಲ್ವರು ಸತ್ತರು. ಆ ಹಳಿಯ ಬಿರುಕುಗಳು ಮೊದಲೇ ಕಂಡುಬಂದಿದ್ದವು. ಬದಲಿ ಹಳಿಗಳು ಕೂಡ ತಿಂಗಳುಗಳ ಮೊದಲೇ ಬಂದು ಹಾದಿಯ ಪಕ್ಕದಲ್ಲಿಯೇ ಬಿದ್ದುಕೊಂಡಿದ್ದವು. ಅವುಗಳನ್ನು ಹಾಕುವ ಹೊಣೆ ಮಾತ್ರ ಕಂಪನಿಯಿಂದ ಕಂಪನಿಗೆ ಕೈಬದಲಾಗುತ್ತಲೇ ಉಳಿಯಿತು. ದೋಷವು ಮೊದಲೇ ತಿಳಿದಿದ್ದೂ ಪ್ರಾಣ ಉಳಿಯದ ಉದಾಹರಣೆಯಿದು.

ನಮ್ಮ ದೇಶದ ಲೆಕ್ಕವನ್ನು ಭಾರತದ ಮಹಾಲೇಖಪಾಲರೇ ಕೊಟ್ಟಿದ್ದಾರೆ. ಹಳಿ ತಪ್ಪಿದ ಘಟನೆಗಳ ಮೇಲೆ 2022ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಇಡಲ್ಪಟ್ಟ ಅವರ ವರದಿಯು 2017ರಿಂದ 2021ರ ವರೆಗಿನ ವರ್ಷಗಳನ್ನು ಪರಿಶೀಲಿಸಿತು. ಹಾದಿಯನ್ನು ಅಳೆಯುವ ಬಂಡಿಗಳ ಓಟಗಳಲ್ಲಿ ನೂರಕ್ಕೆ 30ರಿಂದ 100ರ ವರೆಗೆ ಕೊರತೆಯಿದ್ದುದು ಕಂಡುಬಂತು. ಹಳಿ ತಪ್ಪಿದ ಪ್ರಸಂಗಗಳಲ್ಲಿ 422 ಪ್ರಸಂಗಗಳು ಎಂಜಿನಿಯರಿಂಗ್ ಇಲಾಖೆಯ ಪಾಲಿಗೆ ಬಂದವು. ಅವುಗಳ ಕಾರಣಗಳಲ್ಲಿ ಹಾದಿಯ ಪಾಲನೆಯ ದೋಷ 171 ಕಡೆಗೂ, ಹಾದಿಯ ಅಳತೆಗಳು ಮಿತಿ ಮೀರಿದ್ದು 156 ಕಡೆಗೂ ಕಂಡವು. ಹಳಿಗಳ ನವೀಕರಣಕ್ಕೆ 2018-19ರಲ್ಲಿ ಗೊತ್ತುಪಡಿಸಿದ್ದ 9607 ಕೋಟಿ ರೂಪಾಯಿಗಳು ಮರುವರ್ಷ 7417 ಕೋಟಿಗೆ ಇಳಿದವು. ಸುರಕ್ಷತೆಗಾಗಿಯೇ ಐದು ವರ್ಷಗಳಲ್ಲಿ ಒಂದು ಲಕ್ಷ ಕೋಟಿಯ ನಿಧಿಯನ್ನು 2017-18ರಲ್ಲಿ ಸ್ಥಾಪಿಸಿದ ತರುವಾಯದ ಸಂಗತಿಯಿದು.

ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಸರಕಾರದ ಲೆಕ್ಕದಂತೆ 2014-15ರಲ್ಲಿ 135 ಇದ್ದ ದೊಡ್ಡ ಅಪಘಾತಗಳು 2024-25ರಲ್ಲಿ 31ಕ್ಕೆ ಇಳಿದಿವೆ. ಹಳಿಗಳ ಬದಲಾವಣೆ, ಧ್ವನಿಪರೀಕ್ಷೆಯ ಪ್ರಸಾರ, ಕಾವಲಿಲ್ಲದ ಗೇಟುಗಳ ನಿವಾರಣೆ ಮುಂತಾದುವು ಫಲಕೊಟ್ಟಿರುವುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಆದರೆ ದೇಶದ ಸರಾಸರಿಯ ಅಂಕಿಯಿಂದ ಸೇಡಂ–ವಾಡಿ ಹಾದಿಯ ಇಂದಿನ ಸ್ಥಿತಿಯು ತಿಳಿಯುವಂತಿಲ್ಲ.

ಹಾದಿಗೆ ಬೇಕಾದ ಬಿಡುವು

ಕಂಡ ದೋಷವು ಕೂಡಲೆ ಏಕೆ ಪರಿಹಾರವಾಗುವುದಿಲ್ಲವೆಂದು ವಿಚಾರಿಸಿದರೆ ಹಣಕ್ಕಿಂತಲೂ ಮುಂಚೆ ಬರುವ ಉತ್ತರ ಕಾಲಾವಕಾಶದ್ದು. ಹಳಿಯನ್ನು ಬದಲಿಸಬೇಕಾದರೆ, ಜಲ್ಲಿಯನ್ನು ಸೋಸಬೇಕಾದರೆ ಹಾದಿಯ ಮೇಲಿನ ಸಂಚಾರವನ್ನು ಕೆಲವು ತಾಸುಗಳ ಕಾಲ ನಿಲ್ಲಿಸಲೇಬೇಕು. ಒಂದು ಕಡೆ ಸರಕುಬಂಡಿಗಳ ಒತ್ತಾಯ, ಇನ್ನೊಂದು ಕಡೆ ಪ್ರಯಾಣಿಕರ ಬಂಡಿಗಳ ವೇಳಾಪಟ್ಟಿ. ಇವೆರಡರ ನಡುವೆ ಎಂಜಿನಿಯರನು ಕೇಳಿದ ಬಿಡುವು ಮೊಟಕಾಗುತ್ತದೆ, ಇಲ್ಲವೆ ಮುಂದಕ್ಕೆ ಹೋಗುತ್ತದೆ. ಅವಸರದ ಬಿಡುವಿನಲ್ಲಿ ಮಾಡಿದ ಕೆಲಸವು ಎಷ್ಟು ಅಪಾಯಕರವೆಂಬುದನ್ನು ಉತ್ತರಪ್ರದೇಶದ ಖತೌಲಿಯಲ್ಲಿ 2017ರ ಆಗಸ್ಟ್ 19ರಂದು ಕಂಡೆವು. ದುರಸ್ತಿಯ ಕೆಲಸ ನಡೆದಿದ್ದ ಹಾದಿಯ ಮೇಲೆಯೇ ಉತ್ಕಲ ಎಕ್ಸ್‌ಪ್ರೆಸ್ ಬಂದು ಬಿದ್ದಿತು. ಇಪ್ಪತ್ತಕ್ಕೂ ಹೆಚ್ಚು ಜನರು ಅಸುನೀಗಿದರು.

2023ರ ನವಂಬರದಲ್ಲಿ ರೈಲ್ವೆಯ ಸಾಮಾನ್ಯ ನಿಯಮಗಳನ್ನು ತಿದ್ದಿ, ಪಾಲನೆಯ ಬಿಡುವುಗಳನ್ನು 52 ವಾರಗಳಷ್ಟು ಮುಂಚಿತವಾಗಿಯೇ ಗೊತ್ತುಪಡಿಸುವ ಪದ್ಧತಿಯನ್ನು ಜಾರಿಗೆ ತರಲಾಗಿದೆ. ಇದು ಸ್ತುತ್ಯವಾದ ಕ್ರಮ. ಆದರೆ ಗೊತ್ತುಪಡಿಸಿದ ಬಿಡುವೆಷ್ಟು, ಕೊಟ್ಟ ಬಿಡುವೆಷ್ಟು ಎಂಬ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ತೋರಿಸದ ಹೊರತು ಆ ಪದ್ಧತಿಯು ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಯಾರು ಬಲ್ಲರು?

ಇನ್ನು ಹಾದಿಯ ಕೆಲಸಗಾರನ ಮಾತು. ನಾವು ನಿದ್ರಿಸುತ್ತ ಸಾಗುವ ಹಾದಿಯನ್ನು ಮಳೆಯ ರಾತ್ರಿಯಲ್ಲಿ ಲಾಂದ್ರ ಹಿಡಿದು ನೋಡುವವನು ಅವನು. ಜೋಡಿ ಹಾದಿಯಲ್ಲಿ ಒಂದು ಬಂಡಿಗೆ ದಾರಿ ಬಿಟ್ಟು ಸರಿದವನು ಎದುರು ದಿಕ್ಕಿನ ಬಂಡಿಗೆ ಬಲಿಯಾಗುವ ಭಯ ಯಾವಾಗಲೂ ಇದ್ದೇ ಇದೆ. ವಿದ್ಯುತ್ ಎಂಜಿನ್ನುಗಳು ಬಂದ ಮೇಲೆ ಬಂಡಿಯ ಸಪ್ಪಳವು ಕಡಿಮೆಯಾಗಿ ಆ ಭಯವು ಹೆಚ್ಚಿದೆ. ಬಂಡಿಯು ಸಮೀಪಿಸಿದಾಗ ಅವನನ್ನು ಎಚ್ಚರಿಸುವ ಯಂತ್ರಗಳು ಸಿದ್ಧವಾಗಿವೆ. ಅವು ಪ್ರತಿಯೊಬ್ಬ ಕೀಮನ್ನನ ಕೈಗೂ ಮುಟ್ಟಬೇಕು. ಅವನ ಗುಂಪಿನಲ್ಲಿ ಸ್ಥಾನಗಳು ಖಾಲಿ ಬಿದ್ದರೆ ಉಳಿದವರು ಇಬ್ಬರ ಹಾದಿಯನ್ನು ಒಬ್ಬರೇ ನಡೆಯಬೇಕಾಗುತ್ತದೆ. ದಣಿದ ಕಣ್ಣಿಗೆ ಕಾಣದ ದೋಷವನ್ನು ಅವನ ತಪ್ಪೆಂದು ಬರೆಯುವುದು ನ್ಯಾಯವಲ್ಲ.

ನಾವು ಕೇಳತಕ್ಕದ್ದೇನು?

ಹೈದರಾಬಾದ ಸಂಸ್ಥಾನದಲ್ಲಿ ಸಾರ್ವಜನಿಕ ಅಭಿಪ್ರಾಯವು ಮೊದಮೊದಲು ತಲೆಯೆತ್ತಿದ ಸಂದರ್ಭಗಳಲ್ಲಿ ಒಂದು ರೈಲ್ವೆಯ ವಿಷಯವೇ ಎಂಬುದನ್ನು ನಮ್ಮ ತರುಣರು ಮರೆಯಬಾರದು. ವಾಡಿಯ ಹಾದಿಯನ್ನು ಕಂಪನಿಗೆ ಒಪ್ಪಿಸಿ ಚಾಂದಾದ ಕಡೆಗೆ ಹಾದಿಯನ್ನು ಮುಂದುವರಿಸುವ ಯೋಜನೆಯು 1883ರಲ್ಲಿ ಹೊರಟಾಗ, ಸಂಸ್ಥಾನದ ಬೊಕ್ಕಸದ ಮೇಲೆ ಬೀಳುವ ಭಾರದ ವಿವರಗಳನ್ನು ಪ್ರಜೆಗಳಿಗೆ ತಿಳಿಸಬೇಕೆಂದು ಕೆಲವು ಮಹನೀಯರು ಒತ್ತಾಯಪಡಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬರಾದ ಅಘೋರನಾಥ ಚಟ್ಟೋಪಾಧ್ಯಾಯರು, ಎಂದರೆ ಸರೋಜಿನಿ ನಾಯಡು ಅವರ ತಂದೆಯವರು, ಆ ಕಾರಣಕ್ಕಾಗಿ ಸಂಸ್ಥಾನದಿಂದ ಗಡೀಪಾರಾದರು. ವಿವರ ಕೇಳಿದುದೇ ಅಂದು ಅಪರಾಧವಾಯಿತು. ಇಂದು ರಾಜ್ಯವು ನಮ್ಮದು, ರೈಲ್ವೆಯು ನಮ್ಮದು, ಮಾಹಿತಿಯ ಹಕ್ಕಿನ ಶಾಸನವು 2005ರಿಂದ ನಮ್ಮ ಕೈಯಲ್ಲಿದೆ. ಆದಾಗ್ಯೂ ಕೇಳದೆ ಕುಳಿತರೆ ದೋಷ ಯಾರದು?

ನಮ್ಮ ಬೇಡಿಕೆಯು ಅಸಾಧ್ಯವಾದುದಲ್ಲ. ವಾಡಿಯಿಂದ ತಾಂಡೂರಿನ ವರೆಗಿನ ಹಾದಿಯ ವಿಷಯವಾಗಿ ವರ್ಷಕ್ಕೆ ಒಂದು ಸಲ, ಪ್ರತಿಯೊಂದು ನಿಲ್ದಾಣದ ಫಲಕದ ಮೇಲೆ, ಕರ್ನಾಟಕದ ನಿಲ್ದಾಣಗಳಲ್ಲಿ ಕನ್ನಡದಲ್ಲಿ, ನಾಲ್ಕು ಸಂಗತಿಗಳನ್ನು ಪ್ರಕಟಿಸಲಿ: ನಡೆಯಬೇಕಾಗಿದ್ದ ಪರೀಕ್ಷೆಗಳೆಷ್ಟು, ನಡೆದವೆಷ್ಟು, ಹಳಿಯಲ್ಲಿ ಕಂಡ ದೋಷಗಳೆಷ್ಟು, ಅವುಗಳಲ್ಲಿ ಗೊತ್ತಾದ ಅವಧಿಯೊಳಗೆ ಪರಿಹಾರವಾದವೆಷ್ಟು, ಪಾಲನೆಗಾಗಿ ಕೇಳಿದ ಬಿಡುವಿನ ತಾಸುಗಳೆಷ್ಟು, ದೊರೆತವೆಷ್ಟು, ಹಾದಿಯ ಕೆಲಸಗಾರರ ಮಂಜೂರಾದ ಸ್ಥಾನಗಳೆಷ್ಟು, ತುಂಬಿದವೆಷ್ಟು. ಇವೆಲ್ಲವೂ ಕಚೇರಿಯ ದಫ್ತರುಗಳಲ್ಲಿ ಇರತಕ್ಕ ಅಂಕಿಗಳೇ. ಹೊಸದಾಗಿ ಸಂಗ್ರಹಿಸಬೇಕಾದುದು ಏನೂ ಇಲ್ಲ.

ಇದರಿಂದ ಜನರಲ್ಲಿ ವೃಥಾ ಭೀತಿ ಹುಟ್ಟುವುದೆಂದು ಅಧಿಕಾರಿಗಳು ಆಕ್ಷೇಪಿಸಬಹುದು. ನಮ್ಮ ಅನುಭವವು ಇದಕ್ಕೆ ವಿರುದ್ಧವಾಗಿದೆ. ಜನರನ್ನು ಅಂಜಿಸುವುದು ಮೌನ. ಹತ್ತು ದೋಷಗಳು ಕಂಡು ಹತ್ತೂ ಸರಿಹೋದವೆಂದು ಓದಿದ ಪ್ರಯಾಣಿಕನು ಧೈರ್ಯದಿಂದ ಬಂಡಿಯನ್ನು ಹತ್ತುತ್ತಾನೆ. ಪರೀಕ್ಷೆಯ ವಿವರಗಳು ತಾಂತ್ರಿಕವಾದುವು, ಸಾಮಾನ್ಯರಿಗೆ ತಿಳಿಯವೆಂಬುದು ಇನ್ನೊಂದು ಆಕ್ಷೇಪ. ಹಳಿಯ ತಿರುಚಿನ ಗಣಿತವು ಎಲ್ಲರಿಗೂ ತಿಳಿಯಲಾರದು, ಒಪ್ಪಿದೆವು. ಆದರೆ ಮಾಡಬೇಕಾದುದೆಷ್ಟು, ಮಾಡಿದುದೆಷ್ಟು ಎಂಬ ಲೆಕ್ಕವು ಸಂತೆಗೆ ಹೋಗಿ ಬರುವ ಯಾವನಿಗೂ ತಿಳಿಯುತ್ತದೆ.

ಕಾರ್ಖಾನೆಗಳ ಒಡೆಯರಿಗೂ ಒಂದು ಮಾತು ಹೇಳಬೇಕಾಗಿದೆ. ಬಿಡುವು ಕೊಟ್ಟ ದಿನ ಅವರ ಕೆಲವು ಬಂಡಿಗಳು ತಡವಾಗಬಹುದು. ಆದರೆ ಹಳಿ ಮುರಿದ ದಿನ ಅವರ ಎಲ್ಲ ಬಂಡಿಗಳೂ ನಿಲ್ಲುತ್ತವೆ. ಮುಖ್ಯ ಹಾದಿಗೆ ಕೂಡುವ ಖಾಸಗಿ ಹಾದಿಗಳನ್ನು ಸುಸ್ಥಿತಿಯಲ್ಲಿಡುವುದೂ, ಸರಕು ತುಂಬುವಲ್ಲಿ ಚೆಲ್ಲಿದ ಪುಡಿಯನ್ನು ಗುಡಿಸಿ ತೆಗೆಯಿಸುವುದೂ, ಡಬ್ಬಿಗೆ ಮಿತಿ ಮೀರಿ ತುಂಬದಿರುವುದೂ ಅವರ ಕೈಯಲ್ಲಿಯೇ ಇರುವ ಕರ್ತವ್ಯಗಳು. ಈ ನೆಲದ ಕಲ್ಲಿನಿಂದ ಲಾಭ ಪಡೆಯುವವರು ಈ ನೆಲದ ಹಾದಿಯನ್ನು ಕಾಯುವುದರಲ್ಲಿ ಹಿಂದೆಗೆಯರೆಂದು ನಂಬುತ್ತೇವೆ.

ಸೇಡಂ, ಚಿತ್ತಾಪುರ, ವಾಡಿಗಳ ಪುರಸಭೆಗಳೂ, ಕೋಡ್ಲಾ ಮೊದಲಾದ ಗ್ರಾಮಗಳ ಪಂಚಾಯತಿಗಳೂ, ವರ್ತಕರ ಸಂಘಗಳೂ ಈ ನಾಲ್ಕು ಸಂಗತಿಗಳನ್ನು ಕುರಿತು ಒಂದೊಂದು ಠರಾವನ್ನು ಮಾಡಿ ಸಿಕಂದರಾಬಾದ್ ಹಾಗೂ ಸೊಲ್ಲಾಪುರದ ವಿಭಾಗಾಧಿಕಾರಿಗಳಿಗೆ ಕಳಿಸಲಿ. ನಮ್ಮ ಭಾಗದ ಲೋಕಸಭಾ ಸದಸ್ಯರು ಅದನ್ನೇ ಪ್ರಶ್ನೆಯಾಗಿ ಸಂಸತ್ತಿನಲ್ಲಿ ಕೇಳಲಿ. ಮುಂದಿನ ಮುಂಗಾರು ಎರೆಮಣ್ಣಿನ ಮೇಲೆ ಬೀಳುವುದಕ್ಕೆ ಮೊದಲು ಈ ಕೆಲಸವು ಆಗಬೇಕಾಗಿದೆ. ಉತ್ತರವು ಬಂದ ದಿನ ಅದನ್ನು ಅಂಕಿಅಂಕಿಯಾಗಿ ಈ ಪುಟದಲ್ಲಿಯೇ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.